ಅಳಿದ ತಾರೆಯ ಲಿಪಿ

ಹಲಸೂರನ್ನು ದಾಟಿ, ಇಂದಿರಾನಗರದ ಅಂಚನ್ನು ಸವರಿ, ಕೃಷ್ಣರಾಜಪುರದ ಮೇಲೆ ಹಾದುಹೋಗುವ ಹಳೆಯ ಮದರಾಸು ರಸ್ತೆ ನಮ್ಮನ್ನು ಹೊಸಕೋಟೆಗೆ ಮುಟ್ಟಿಸುತ್ತದೆ. ಆ ಊರಿನ ಸಮೀಪದಲ್ಲಿ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೇಂದ್ರವೊಂದಿದೆ. ಚಂದ್ರಶೇಖರರ ಹೆಸರನ್ನು ಹೊತ್ತ, 2 ಮೀಟರು ವ್ಯಾಸದ ಕನ್ನಡಿಯುಳ್ಳ ದೂರದರ್ಶಕವು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರು ಎತ್ತರದಲ್ಲಿದೆ. ಅದನ್ನು ನಡೆಸುವವರು ಇಲ್ಲಿದ್ದಾರೆ. ಉಪಗ್ರಹದ ಮೂಲಕ ಇಲ್ಲಿಂದ ಆಜ್ಞೆ ಹೋಗುತ್ತದೆ, ಅಲ್ಲಿಂದ ಬೆಳಕಿನ ವಾರ್ತೆ ಬರುತ್ತದೆ.

ಆ ವಾರ್ತೆಯ ಲಿಪಿಗೆ ರೋಹಿತವೆಂದು ಹೆಸರು. ಶಾಸನಜ್ಞನು ಕಲ್ಲಿನ ಗೀರುಗಳಿಂದ ಅಳಿದ ಅರಸನನ್ನು ಅರಿಯುವಂತೆ, ಖಗೋಳಜ್ಞನು ರೋಹಿತದ ರೇಖೆಗಳಿಂದ ತಾರೆಯ ಧಾತುಗಳನ್ನೂ ತಾಪವನ್ನೂ ಅದರಿಂದ ಹೊಮ್ಮುವ ಅನಿಲದ ವೇಗವನ್ನೂ ಅರಿಯುತ್ತಾನೆ. ಈ ಸಂಸ್ಥೆಯನ್ನು ಕಟ್ಟಿದ ವೇಣು ಬಾಪ್ಪು ಅವರು ಆ ಲಿಪಿಯ ಪಂಡಿತರು. 1957ರಲ್ಲಿ ಆಲಿನ್ ವಿಲ್ಸನ್ನರೊಡನೆ ಕೂಡಿ, ಒಂದೇ ರೇಖೆಯ ಅಗಲದಿಂದ ತಂಪು ತಾರೆಯ ನಿಜವಾದ ಕಾಂತಿಯನ್ನು ಅಳೆಯಬಹುದೆಂದು ಅವರು ತೋರಿಸಿದರು.

ಸೂರ್ಯನಿಗಿಂತ ಎಂಟು ಮಡಿಗೂ ಮಿಕ್ಕ ದ್ರವ್ಯವುಳ್ಳ ತಾರೆಗಳು ಸಾಮಾನ್ಯವಾಗಿ ಮುಪ್ಪಿನಲ್ಲಿ ಉಬ್ಬಿ ಕೆಂಪಾಗುತ್ತವೆ. ನಮ್ಮ ರೈತರು ಮಳೆಗೆ ಹೆಸರಿಟ್ಟಿರುವ ಆರಿದ್ರೆ ಅಂಥ ಮುದಿತಾರೆ. ಅದು ನೆರೆಯದು. ಅನ್ಯ ಗೆಲಾಕ್ಸಿಗಳ ಮುದಿತಾರೆಗಳಾದರೋ ಅತಿ ದೂರದವು. ಅವುಗಳಲ್ಲಿ ಅನೇಕವು ಸಿಡಿದ ಮೇಲೆಯೇ ತಮ್ಮ ಕಥೆಯನ್ನು ಹೇಳುತ್ತವೆ.

2023ರ ಮೇ 19ರಂದು ಜಪಾನಿನ ಕೊಯಿಚಿ ಇಟಾಗಾಕಿ ಅವರು ಸಪ್ತರ್ಷಿಮಂಡಲದ ದಿಕ್ಕಿನ ಎಂ 101 ಗೆಲಾಕ್ಸಿಯಲ್ಲಿ ಇಂಥ ಸ್ಫೋಟವೊಂದನ್ನು ಕಂಡರು. ಅದರ ದೂರ ಸುಮಾರು 2 ಕೋಟಿ ಜ್ಯೋತಿರ್ವರ್ಷ. ಹಾನ್ಲೆಯ ದೂರದರ್ಶಕವೂ ಬೇಗನೆ ಅತ್ತ ತಿರುಗಿತು. ಮೊದಲ ದಿನಗಳ ರೋಹಿತದಲ್ಲಿ ಹೀಲಿಯಂ, ಇಂಗಾಲ, ಸಾರಜನಕಗಳ ಕಿರಿದಾದ ಉಜ್ಜ್ವಲ ರೇಖೆಗಳು ಕಂಡವು. ಸಾಯುವ ಮುನ್ನಿನ ವರ್ಷಗಳಲ್ಲಿ ತಾರೆ ತಾನೇ ಹೊರಚೆಲ್ಲಿದ್ದ ಅನಿಲದ ಹೊದಿಕೆಯನ್ನು ಸ್ಫೋಟದ ಪ್ರಖರ ಬೆಳಕು ಬೆಳಗಿಸಿದುದರ ಗುರುತು ಅದು. ಸಿಡಿದು ಹೊರಟ ದ್ರವ್ಯವು ಒಂದು ವಾರದಷ್ಟರಲ್ಲಿ ಆ ದಟ್ಟ ಹೊದಿಕೆಯನ್ನು ನುಂಗಿತು, ರೇಖೆಗಳು ಮಾಯವಾದವು.

ತಾರೆಯು ಅಂತ್ಯಕಾಲದಲ್ಲಿ ಇಷ್ಟೊಂದು ದ್ರವ್ಯವನ್ನು ಏಕೆ ಚೆಲ್ಲಿತೆಂಬುದು ಇನ್ನೂ ವಿದ್ವಾಂಸರ ಚರ್ಚೆಯಲ್ಲಿದೆ. ಆ ಚರ್ಚೆಗೆ ಆಧಾರ ಒದಗಿದ್ದು ಕೆಲವೇ ರಾತ್ರಿಗಳ ಎಚ್ಚರದಿಂದ. ಕಲ್ಲಿನ ಶಾಸನ ಓದುಗನಿಗಾಗಿ ಶತಮಾನಗಳ ಕಾಲ ಕಾದಿರಬಲ್ಲದು. ಎರಡು ಕೋಟಿ ವರ್ಷ ನಡೆದು ಬಂದ ಈ ಬರಹಕ್ಕೆ ಇದ್ದ ಅವಧಿ ಒಂದು ವಾರ. ಅದನ್ನು ಓದಿಕೊಂಡವರಲ್ಲಿ ನಮ್ಮ ಹೊಸಕೋಟೆಯ ದಾರಿಯವರೂ ಇದ್ದರೆಂಬುದು ಕನ್ನಡನಾಡಿಗೆ ಸಣ್ಣ ಸಂತೋಷವೇನಲ್ಲ.