ಮಂಡಿ ಹಿಂದೆ ನೀರುಗಂಟು

ಕಡ್ಲೆಕಾಯಿ ಬಿಡಿಸಲು ಹೊತ್ತುಗಟ್ಟಲೆ ಕುಕ್ಕರಗಾಲಲ್ಲಿ ಕೂತಿರುತ್ತೀರಿ. ಏಳುವಾಗ ಮಂಡಿ ಹಿಂದೆ ಬಿಗಿದ ಹಾಗಾಗುತ್ತದೆ. ಕೈಯಿಟ್ಟು ನೋಡಿದರೆ ನಿಂಬೆಹಣ್ಣಿನಷ್ಟು ಉಬ್ಬು. "ಕ್ಯಾನ್ಸರ್ ಏನೋ!" ಅಂತ ಅಕ್ಕಪಕ್ಕದವರು ಬೇರೆ ಹೆದರಿಸುತ್ತಾರೆ.

ಹೆದರಬೇಡಿ. ಇಂಥ ಉಬ್ಬು ಹೆಚ್ಚಾಗಿ ನೀರುಗಂಟು. ವೈದ್ಯರು ಇದನ್ನು ಬೇಕರ್ ಸಿಸ್ಟ್ ಅನ್ನುತ್ತಾರೆ. 1877ರಲ್ಲಿ ಇದರ ಬಗ್ಗೆ ಬರೆದ ಇಂಗ್ಲೆಂಡಿನ ವೈದ್ಯರ ಹೆಸರು ಬೇಕರ್. ಬ್ರೆಡ್ಡು ಮಾರುವ ಬೇಕರಿಗೂ ಇದಕ್ಕೂ ಸಂಬಂಧವಿಲ್ಲ!

ಈ ನೀರು ಎಲ್ಲಿಂದ ಬಂತು? ಗಾಡಿಯ ಅಚ್ಚಿಗೆ ಎಣ್ಣೆ ಹಾಕುತ್ತೇವಲ್ಲ, ಹಾಗೆ ಮಂಡಿಯ ಕೀಲಿನಲ್ಲಿ ಸ್ವಲ್ಪ ಅಂಟುನೀರು ಇರುತ್ತದೆ. ಕೀಲು ಸವೆದರೆ, ಒಳಗಿನ ಮೆತ್ತೆ ಹರಿದರೆ, ಸಂಧಿವಾತ ಬಂದರೆ ಆ ನೀರು ಜಾಸ್ತಿಯಾಗುತ್ತದೆ. ಕೆರೆ ತುಂಬಿದರೆ ಕೋಡಿ ಬೀಳುವುದಿಲ್ಲವೇ? ಹಾಗೆಯೇ ಹೆಚ್ಚಾದ ನೀರು ಮಂಡಿ ಹಿಂದಿನ ಚಿಕ್ಕ ಚೀಲಕ್ಕೆ ಹರಿಯುತ್ತದೆ. ಸುಲಭವಾಗಿ ವಾಪಸ್ ಬರುವುದಿಲ್ಲ. ಚೀಲ ಉಬ್ಬುತ್ತದೆ. ಕಾಲು ನೆಟ್ಟಗೆ ಚಾಚಿದರೆ ಗಂಟು ಗಟ್ಟಿ, ಮಡಿಸಿದರೆ ಮೆತ್ತಗೆ.

ಅಂದರೆ ದೊಡ್ಡವರಲ್ಲಿ ತೊಂದರೆ ಇರುವುದು ಗಂಟಿನಲ್ಲಲ್ಲ, ಮಂಡಿಯಲ್ಲಿ. ವೈದ್ಯರು ಸೂಜಿಯಿಂದ ನೀರು ತೆಗೆದರೂ ಮಂಡಿ ವಾಸಿಯಾಗದಿದ್ದರೆ ಮತ್ತೆ ತುಂಬಬಹುದು. ಕೆಲವರು ಗಂಟಿಗೆ ಬರೆ ಹಾಕಿಸುತ್ತಾರೆ, ಚುಚ್ಚಿಸುತ್ತಾರೆ. ಖಂಡಿತ ಬೇಡ. ಕೀವಾಗಿ ಕೀಲೇ ಕೆಡಬಹುದು. ಕೆಲವು ಸಲ ಅದು ನೀರುಗಂಟೇ ಅಲ್ಲ, ಉಬ್ಬಿದ ರಕ್ತನಾಳ. ನಾಡಿಯಂತೆ ಬಡಿಯುತ್ತಿದ್ದರೆ ಬೇಗ ವೈದ್ಯರಿಗೆ ತೋರಿಸಿ.

ಯಾವುದಕ್ಕೂ ಒಮ್ಮೆ ಆಸ್ಪತ್ರೆಗೆ ಹೋಗಿ. ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ನೋವಿಲ್ಲದ ಗಂಟನ್ನು ಹಾಗೇ ಬಿಡಬಹುದು. ಮಕ್ಕಳಿಗೆ ಬಂದರೆ ಬಹಳ ಸಲ ತಾನೇ ಹೋಗುತ್ತದೆ. ನೋವಿದ್ದರೆ ಕುಕ್ಕರಗಾಲು ಬಿಡಿ, ಕುರ್ಚಿಯ ಮೇಲೆ ಕೂತು ಕೆಲಸ ಮಾಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ತೊಡೆಗೆ ಬಲ ಬರುವ ವ್ಯಾಯಾಮ ಕೇಳಿ ಕಲಿಯಿರಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದಾದರೆ, ಸಕ್ಕರೆ ಕಾಯಿಲೆ ಇದೆ ಅಂತ ಮೊದಲೇ ಹೇಳಿ. ಆಪರೇಷನ್ ಬೇಕಾಗುವುದು ಅಪರೂಪ.

ಒಂದು ಮಾತ್ರ ಮರೆಯಬೇಡಿ. ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿ, ಬಿಸಿಯಾಗಿ, ನೋಯತೊಡಗಿದರೆ ಗಂಟು ಒಡೆದಿರಬಹುದು. ಇಲ್ಲವೇ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನೋಡಲು ಎರಡೂ ಒಂದೇ ಥರ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.