ಬೆಳ್ಳೂರಿನ ಹೆಜ್ಜಾರ್ಲೆ ಬಳಗ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ, ಮದ್ದೂರು ಇನ್ನೂ ಮುಂದಿರುವಂತೆಯೇ ರುದ್ರಾಕ್ಷಿಪುರದ ಬಳಿ ಎಡಕ್ಕೆ ಹೊರಳಿ ಸುಮಾರು 12 ಕಿಲೋಮೀಟರು ಸಾಗಿದರೆ, ಮನೆಗಳ ನಡುವಣ ಹುಣಸೆಮರಗಳ ನೆತ್ತಿಯ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಸಂಸಾರ ಹೂಡಿರುವ ಕೊಕ್ಕರೆಬೆಳ್ಳೂರು ಸಿಗುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಪಕ್ಷಿನೆಲೆಯನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರಿನವರಿಗಾದರೋ, ಮಳೆಗಾಲ ಕಳೆದ ಮೇಲೆ ಬಂದು ಮರಿಗಳ ರೆಕ್ಕೆ ಬಲಿತೊಡನೆ ಹೊರಟುಹೋಗುವ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೇ ಸರಿ.

ಈ ವಾತ್ಸಲ್ಯಕ್ಕೆ ತೆರುವ ಬೆಲೆ ಅಲ್ಪವಲ್ಲ. ಹಕ್ಕಿ ಕೂತ ಮರದಲ್ಲಿ ಹುಣಸೆಯ ಫಸಲು ಕುಗ್ಗುತ್ತದೆ. ಅದಕ್ಕಾಗಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿಯುಂಟು. ಲಾಭವೂ ಇಲ್ಲದಿಲ್ಲ: ರೈತರು ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತುಂಬಿ, ಮೇಲಿಂದ ಬೀಳುವ ಹಿಕ್ಕೆಯನ್ನು ಅದರಲ್ಲಿ ಬೆರೆಯಗೊಟ್ಟು ಗೊಬ್ಬರ ಮಾಡಿಕೊಂಡು ಹೊಲಕ್ಕೆ ಹಾಕುತ್ತಾರೆ.

ಪರಂಪರೆಯಿಂದ ಬಂದ ಈ ಅಕ್ಕರೆಗೆ ಶಿಸ್ತನ್ನೂ ತಿಳಿವಳಿಕೆಯನ್ನೂ ಕೂಡಿಸಿದ್ದು, ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಒತ್ತಾಸೆಯಿಂದ ಊರಿನ ತರುಣರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ. ಕಡ್ಡಿಗಳನ್ನು ಒಟ್ಟಿದ ಗೂಡುಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ, ಗಾಳಿಗೋ ನೂಕಾಟಕ್ಕೋ ಸಿಕ್ಕಿ ಮರಿಯೊಂದು ಕೆಳಗೆ ಬಿದ್ದಿತೆಂದರೆ, ತಾಯಿ ಇಳಿದುಬಂದು ಅದಕ್ಕೆ ಉಣಿಸುವುದಿಲ್ಲ. ಹಸಿವೆಗಾಗಲಿ ನಾಯಿಗಾಗಲಿ ಅದು ತುತ್ತಾಗಬೇಕು. ಅಂಥ ಮರಿಯನ್ನು ಎತ್ತಿತಂದು, ಬೇಲಿ ಕಟ್ಟಿದ ಆವರಣದಲ್ಲಿರಿಸಿ, ಹಾರಬಲ್ಲಷ್ಟು ಬೆಳೆಯುವವರೆಗೆ ಮೀನುಣಿಸುವುದು ಬಳಗದ ಕಾಯಕ. ತಾಯಿಯ ಗಂಟಲಚೀಲದೊಳಕ್ಕೆ ತಲೆಯಿಕ್ಕಿ ಉಣ್ಣುವುದೇ ಹುಟ್ಟುಗುಣವಾದ ಮರಿಯನ್ನು ಮನುಷ್ಯನ ಕೈಯ ಮೀನು ತಿನ್ನಲು ಒಗ್ಗಿಸುವುದೆಂದರೆ ಎಷ್ಟು ತಾಳ್ಮೆ ಬೇಕು! ಪರಿಸರ ಶಿಕ್ಷಣವೆಂಬ ದೊಡ್ಡ ಮಾತಿಗೆ ಇದಕ್ಕಿಂತ ನೇರವಾದ ಪಾಠವನ್ನು ನಾನರಿಯೆ. ಆ ಬೇಲಿಯ ಬಳಿ ನಿಂತು ನೋಡುವ ಊರಹುಡುಗರಿಗೆ ಹಕ್ಕಿ ಪುಸ್ತಕದ ಚಿತ್ರವಲ್ಲ, ಹಸಿದ ಜೀವ.

2007ರಲ್ಲಿ ಈ ಪ್ರದೇಶಕ್ಕೆ ಸಮುದಾಯ ಮೀಸಲು ಎಂಬ ಶಾಸನಬದ್ಧ ಮನ್ನಣೆ ದೊರೆಯಿತು. ಆದರೆ 2017-18ರ ಋತುವಿನಲ್ಲಿ ಅನೇಕ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದುರುಳಿ ಸತ್ತಾಗ, ಪರೀಕ್ಷಿಸಿದವರಿಗೆ ಅವುಗಳ ಹೊಟ್ಟೆಯಲ್ಲಿ ಜಂತುಹುಳು ಕಂಡಿತು. ಅದು ತಿಂದ ಮೀನಿನಿಂದಲೇ ಬಂದಿರಬಹುದು. ಹಕ್ಕಿ ಗೂಡು ಕಟ್ಟುವುದು ಬೆಳ್ಳೂರಿನಲ್ಲಾದರೂ ಮೀನು ಹಿಡಿಯುವುದು ದೂರದ ಕೆರೆಗಳಲ್ಲಿ. ಆ ನೀರು ಕೆಟ್ಟರೆ ಇಲ್ಲಿಯ ಹುಣಸೆಮರವಾಗಲಿ ಬೇಲಿಯಾಗಲಿ ಏನು ಮಾಡೀತು? ತವರಿನವರು ಮರ ಕಾಯುತ್ತಿದ್ದಾರೆ. ಕೆರೆ ಕಾಯಬೇಕಾದವರು ಸುತ್ತಣ ಊರುಗಳವರು. ಬಳಗದ ಬಂಧುತ್ವ ಆ ಕೆರೆಗಳ ಏರಿಗಳವರೆಗೂ ಹಬ್ಬಬೇಕೆಂಬುದು ನನ್ನ ಹಂಬಲ.