ಹಲ್ಲು ಕೀಳಿಸಿಕೊಂಡ ಬೆಕ್ಕಿಗೆ ಊಟ ಮಾಡಿಸುವುದು ಹೇಗೆ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಗೋವಿನಜೋಳ, ಭತ್ತದ ಚೀಲಗಳನ್ನು ಇಲಿಗಳಿಂದ ಕಾಯಲೆಂದು ಸಾಕಿದ ಬೆಕ್ಕು ಬರಬರುತ್ತ ಮನೆಯವರಲ್ಲಿ ಒಂದಾಗಿಬಿಡುತ್ತದೆ. ಅದರ ಬಾಯಿ ನಾರತೊಡಗಿದರೆ, ಜೊಲ್ಲು ಸುರಿದರೆ, ತಿನ್ನಲು ಬಂದು ಹಿಂದೆ ಸರಿದರೆ ಮೊದಲು ತೋರಿಸುವುದು ತಾಲ್ಲೂಕಿನ ದನದ ದವಾಖಾನೆಯಲ್ಲಿ. ಅರಿವಳಿಕೆ ಕೊಟ್ಟು ಹಲ್ಲು ಕೀಳಬೇಕಾದರೆ ಸಾಮಾನ್ಯವಾಗಿ ದೊಡ್ಡ ಊರಿಗೇ ಹೋಗಬೇಕು: ಶಿಗ್ಗಾಂವಿ, ಸವಣೂರಿನವರಿಗೆ ಹುಬ್ಬಳ್ಳಿ–ಧಾರವಾಡ, ಹಿರೇಕೆರೂರಿನವರಿಗೆ ಪಶುವೈದ್ಯಕೀಯ ಕಾಲೇಜಿರುವ ಶಿವಮೊಗ್ಗ. ಬೆಕ್ಕನ್ನು ಮನೆಗೆ ತಂದ ಮೇಲೆ ವೈದ್ಯರು ದೂರ ಉಳಿಯುತ್ತಾರೆ. ಮುಂದಿನ ಎರಡು ವಾರ ಅದಕ್ಕೆ ಊಟ ಮಾಡಿಸುವ ಹೊಣೆ ಮನೆಯವರದು.

ತಡೆಯುವುದು ಹಲ್ಲಿನ ಕೊರತೆಯಲ್ಲ, ನೋವು

ಬೆಕ್ಕಿಗೆ 30 ಹಲ್ಲುಗಳಿದ್ದರೂ ನಮ್ಮಂತೆ ಅರೆದು ತಿನ್ನುವ ಹಲ್ಲುಗಳಿಲ್ಲ. ಅದರ ದವಡೆ ಅಕ್ಕಪಕ್ಕಕ್ಕೆ ಹೆಚ್ಚು ಆಡುವುದೂ ಇಲ್ಲ. ಕತ್ತರಿಸಿ, ತುಂಡುತುಂಡಾಗಿ ನುಂಗುವುದು ಅದರ ರೀತಿ. ಹೀಗಾಗಿ ಬಾಯಿಹುಣ್ಣಿನ ಹಳೆಯ ಕಾಯಿಲೆಗೆ ಎಲ್ಲ ಹಲ್ಲು ಕೀಳಿಸಿಕೊಂಡ ಬೆಕ್ಕೂ ಗಾಯ ಮಾಗಿದ ಮೇಲೆ ಮೆತ್ತನೆಯ ಆಹಾರವನ್ನು ಸಲೀಸಾಗಿ ತಿನ್ನುತ್ತದೆ. ಎಷ್ಟೋ ಬೆಕ್ಕುಗಳು ಅಂಗಡಿಯಲ್ಲಿ ಸಿಗುವ, ಬೆಕ್ಕಿಗೆಂದೇ ಮಾಡಿದ ಒಣ ಕಾಳಿನ ಆಹಾರವನ್ನೂ ನುಂಗುತ್ತವೆ.

ಶಸ್ತ್ರಚಿಕಿತ್ಸೆಯ ನಂತರ ಅದು ಬಟ್ಟಲಿನಿಂದ ಮುಖ ತಿರುಗಿಸಿದರೆ ಮೂರು ಕಾರಣಗಳನ್ನು ಹುಡುಕಿ: ಒಸಡಿನ ನೋವು, ಔಷಧಿಯಿಂದ ಬರುವ ಓಕರಿಕೆ, ವಾಸನೆ ಹಿಡಿಯದ ಮೂಗು. ಕಾರಣ ತಿಳಿಯದೆ ಬಾಯಿಗೆ ತುರುಕಿದರೆ ಊಟವೆಂದರೇ ನೋವು ಎಂದು ಬೆಕ್ಕು ಕಲಿತುಬಿಡುತ್ತದೆ.

ಒಂದು ದಿನದ ಗಡುವು

ನಾಯಿಯಂತೆ ಬೆಕ್ಕು ಉಪವಾಸ ತಾಳುವುದಿಲ್ಲ. ಊಟ ನಿಂತರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ. ಅಷ್ಟು ಕೊಬ್ಬನ್ನು ನಿಭಾಯಿಸಲಾರದೆ ಯಕೃತ್ತು ಕೆಲಸ ನಿಲ್ಲಿಸತೊಡಗುತ್ತದೆ. ದಪ್ಪ ಬೆಕ್ಕಿಗೆ ಕೆಲವೇ ದಿನಗಳಲ್ಲಿ ಈ ಅಪಾಯ ಬರಬಹುದು. ಕಿವಿಯ ಒಳಭಾಗ, ಒಸಡು ಹಳದಿಯಾಗುವುದು ಅದರ ಗುರುತು. ಮನೆಗೆ ಬಂದ ಮೇಲೆ 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ನಾಳೆ ತಿಂದೀತು ಎಂದು ಎರಡನೆಯ ದಿನವನ್ನೂ ಕಳೆಯಬೇಡಿ.

ದವಾಖಾನೆ ಬಿಡುವ ಮುಂಚೆ

ದೂರದ ಊರಿಂದ ಹೋದವರು ಇಷ್ಟನ್ನು ಕೇಳಿ ಬರೆದುಕೊಳ್ಳಬೇಕು: ಯಾವ ಕಡೆಯ ಹಲ್ಲು ಕಿತ್ತಿದ್ದಾರೆ, ಕರಗುವ ಹೊಲಿಗೆಯೇ, ನೋವಿನ ಔಷಧಿ ಕೊಟ್ಟಿದ್ದು ಎಷ್ಟು ಗಂಟೆಗೆ, ಮುಂದಿನದು ಯಾವಾಗ, ರಾತ್ರಿ ಯಾರಿಗೆ ಫೋನ್ ಮಾಡಬೇಕು. ಬೆಕ್ಕಿನ ತೂಕವನ್ನೂ ಬರೆದಿಟ್ಟುಕೊಳ್ಳಿ. ತಿಂದದ್ದು ಸಾಕಾಯಿತೇ ಎಂಬುದನ್ನು ಕೊನೆಗೆ ಹೇಳುವುದು ತೂಕವೇ.

ನೋವಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ಅದು ಹಿಡಿದ ಮೇಲೆ ಊಟ ಇಟ್ಟರೆ ತಿನ್ನುವ ಸಾಧ್ಯತೆ ಹೆಚ್ಚು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಮಾತ್ರ ಎಂದೂ ಮುಟ್ಟಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಅರ್ಧ ಮಾತ್ರೆಯೇ ಜೀವ ತೆಗೆಯಬಲ್ಲದು. ಐಬುಪ್ರೊಫೆನ್ ಕೂಡ ವಿಷವೇ. ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರೆ ಹೇಗೆ ಕೊಡಬೇಕೆಂದು ಕೇಳಿಕೊಳ್ಳಿ. ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ, ಮಾತ್ರೆಯ ಹಿಂದೆಯೇ ನೀರು ಇಳಿಯಬೇಕು. ಔಷಧಿಯನ್ನು ಊಟದಲ್ಲಿ ಕಲಸಬೇಡಿ. ಕಹಿ ತಿಳಿದರೆ ಬೆಕ್ಕು ಆ ಊಟವನ್ನೇ ಬಿಡುತ್ತದೆ.

ರೊಟ್ಟಿ–ಹಾಲು ಸಾಲದು

ನಮ್ಮ ಕಡೆ ಬೆಕ್ಕಿಗೆ ಹಾಕುವುದು ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಮೆತ್ತಗಿದೆ ಎಂದು ಈಗಲೂ ಅದನ್ನೇ ಕೊಡಬೇಕೆನಿಸುತ್ತದೆ. ಆದರೆ ಗಾಯ ಮಾಯಲು ಮಾಂಸದ ಪ್ರೋಟೀನು ಬೇಕು, ಬೆಕ್ಕಿಗೆ ತಪ್ಪದೆ ಬೇಕಾದ ಟಾರಿನ್ ಎಂಬ ಅಂಶ ರೊಟ್ಟಿಯಲ್ಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಮೂಳೆ ತೆಗೆದ ಕೋಳಿಮಾಂಸವನ್ನು ಬರೀ ನೀರಿನಲ್ಲಿ ಬೇಯಿಸಿ, ಬೇಯಿಸಿದ ನೀರನ್ನೇ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಕೆರೆಮೀನಾದರೆ ಬೇಯಿಸಿ ಒಂದೊಂದು ಮುಳ್ಳನ್ನೂ ಆರಿಸಿ. ಉಪ್ಪು, ಖಾರ ಬೇಡ. ಉಳ್ಳಾಗಡ್ಡಿ, ಬಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ, ಹಾಗಾಗಿ ಸಾರಿನ ಚೂರೂ ಬೇಡ. ಮಾಂಸ ಬೇಯಿಸದ ಮನೆಯವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಮೆತ್ತನೆ ಆಹಾರದ ಪೊಟ್ಟಣ ತರಬಹುದು, ಇಲ್ಲವೇ ಒಣ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯಂತೆ ಕಿವುಚಬಹುದು.

ನಾಲ್ಕು ಕೆ.ಜಿ. ಬೆಕ್ಕಿಗೆ ದಿನಕ್ಕೆ ಕನಿಷ್ಠ 200 ಕ್ಯಾಲೊರಿಯಷ್ಟು ಬೇಕು. ಬೇಯಿಸಿದ ಕೋಳಿಯಾದರೆ ಸುಮಾರು 120 ಗ್ರಾಂ, ಒಣ ಕಾಳಾದರೆ ನೆನೆಸುವ ಮುಂಚೆ ಸುಮಾರು 55 ಗ್ರಾಂ. ಬರೀ ಕೋಳಿ ಈ ಕೆಲವು ದಿನಗಳಿಗೆ ಸಾಕು, ತಿಂಗಳುಗಟ್ಟಲೆ ಸಾಲದು.

ಬಟ್ಟಲು ಇಡುವ ರೀತಿ

ಅರಿವಳಿಕೆ ಇಳಿದ ಮೊದಲ ರಾತ್ರಿ ಮಾಮೂಲಿನ ಕಾಲು ಭಾಗ ಸಾಕು. ಮರುದಿನದಿಂದ ಐದಾರು ಸಲ ಸ್ವಲ್ಪಸ್ವಲ್ಪ ಕೊಡಿ. ಬೆಕ್ಕು ರುಚಿಗಿಂತ ಮೊದಲು ವಾಸನೆ ನೋಡಿ ಊಟ ಒಪ್ಪುತ್ತದೆ. ಹೀಗಾಗಿ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಊಟವನ್ನು ಮೈಬಿಸಿಯಷ್ಟು, ಅಂದರೆ 38 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಮಣಿಕಟ್ಟಿನ ಮೇಲೆ ಇಟ್ಟು ನೋಡಿ. ಸುಡುವ ಊಟ ಹೊಲಿಗೆಗೆ ಕೆಟ್ಟದ್ದು, ಫ್ರಿಜ್ಜಿನ ತಣ್ಣನೆ ಊಟಕ್ಕೆ ವಾಸನೆಯೇ ಇಲ್ಲ. ಮೂಗು ಕಟ್ಟಿದ್ದರೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿ.

ಬಾಯಿ ಅಂಚಿಗೆ ತಾಗದಂತೆ ಚಪ್ಪಟೆ ತಟ್ಟೆ ಬಳಸಿ. ನಾಯಿ, ಬೇರೆ ಬೆಕ್ಕು, ಮಕ್ಕಳ ಗದ್ದಲ ಇಲ್ಲದ ಕೋಣೆಯಲ್ಲಿಟ್ಟು ದೂರ ಸರಿಯಿರಿ. ಅರ್ಧ ತಾಸಿನಲ್ಲಿ ಮುಟ್ಟದಿದ್ದರೆ ತೆಗೆದು, ಸ್ವಲ್ಪ ಹೊತ್ತಿನ ನಂತರ ಹೊಸದನ್ನು ಇಡಿ. ಬೆರಳಿಗೆ ಹಚ್ಚಿ ನೆಕ್ಕಿಸುವುದೂ ಕೆಲವಕ್ಕೆ ಹಿಡಿಸುತ್ತದೆ.

ಸಿರಿಂಜಿನಿಂದ ಉಣಿಸುವುದು ವೈದ್ಯರು ಹೇಳಿದರೆ ಮಾತ್ರ. ಬೆಕ್ಕನ್ನು ಅಂಗಾತ ಹಿಡಿಯದೆ ಕೂರಿಸಿ, ಸೂಜಿ ತೆಗೆದ ಸಿರಿಂಜನ್ನು ಗಾಯವಿಲ್ಲದ ಕಡೆಯ ಕೆನ್ನೆಯಿಂದ ಒಡ್ಡಿ, ಒಂದೊಂದೇ ಮಿಲಿಲೀಟರ್ ಬಿಡಿ. ನುಂಗಿದ ಮೇಲೆ ಮುಂದಿನದು. ಒದ್ದಾಡಿದರೆ ನಿಲ್ಲಿಸಿ, ಇಲ್ಲದಿದ್ದರೆ ಊಟ ಶ್ವಾಸಕೋಶಕ್ಕೆ ಹೋಗುತ್ತದೆ. ಬಹಳ ಹಲ್ಲು ಕಿತ್ತ ಬೆಕ್ಕಿಗೆ ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ನಳಿಕೆ ಇಡುವುದುಂಟು. ನೋಡಲು ಭಯವಾದರೂ ನೋಯುವ ಬಾಯಿಗೆ ಅದರಿಂದ ಪೂರ್ತಿ ವಿಶ್ರಾಂತಿ ಸಿಗುತ್ತದೆ. ವೈದ್ಯರು ಹೇಳಿದರೆ ಹಿಂಜರಿಯಬೇಡಿ.

ಎರಡು ವಾರ

ಒಸಡು ಕೂಡಿಕೊಳ್ಳಲು ಸುಮಾರು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಕಟಕ್ ರೊಟ್ಟಿ, ಮೂಳೆ, ನೆನೆಸದ ಒಣ ಕಾಳು ಬೇಡ. ಇಲಿ ಬೇಟೆಗೆ ಹೋಗದಂತೆ ಮನೆಯೊಳಗೇ ಇಡಿ. ನಿಲ್ಲದ ರಕ್ತ, ಮುಖದ ಬಾವು, ಮತ್ತೆಮತ್ತೆ ವಾಂತಿ, ಬಾಯಿ ತೆರೆದು ಉಸಿರಾಡುವುದು ಕಂಡರೆ ತಡಮಾಡದೆ ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಯಾರಿದ್ದಾರೆಂದು ಕೇಳಿ. ಬೆಕ್ಕು ತಾನಾಗಿ ತಟ್ಟೆಗೆ ಬಂದು ತಿನ್ನತೊಡಗಿದ ಮೇಲೂ ವಾರಕ್ಕೊಮ್ಮೆ ತೂಗಿ. ನೀವು ಅದನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕಿಯಿಂದ ನಿಮ್ಮ ತೂಕ ಕಳೆದರಾಯಿತು. ತೂಕ ಇಳಿಯುತ್ತಲೇ ಇದ್ದರೆ ನೋವು ಇನ್ನೂ ಇರಬಹುದು, ಮತ್ತೊಮ್ಮೆ ಬಾಯಿ ತೋರಿಸಿ.